ಲಾರಿ ನದಿಗಿಳಿದಾಗ

ಬಾಸ್ಟನ್ ನೋಡಲು ಬಂದವರು ಗುಂಪುಗುಂಪಾಗಿ ಹತ್ತುವ ಒಂದು ವಾಹನವಿದೆ. ಊರಿನ ಹಳೆಯ ಬೀದಿಗಳನ್ನು ಬಸ್ಸಿನಂತೆ ಸುತ್ತಿ, ಚಾರ್ಲ್ಸ್ ನದಿಯ ದಡದ ಇಳಿಜಾರಿಗೆ ಬಂದು, ಅದು ನೇರವಾಗಿ ನೀರಿಗಿಳಿಯುತ್ತದೆ. ಮಕ್ಕಳು ಕೂಗುತ್ತಾರೆ, ದೊಡ್ಡವರು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಾರೆ. ಅಷ್ಟರಲ್ಲಿ ಟನ್ನುಗಟ್ಟಲೆ ಉಕ್ಕು ತೇಲತೊಡಗಿರುತ್ತದೆ.

ಇದರ ಮೂಲ ಎರಡನೇ ಮಹಾಯುದ್ಧದಲ್ಲಿದೆ. 1942ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಆರು ಚಕ್ರದ ಸೇನಾ ಲಾರಿಗೆ ದೋಣಿಯ ಒಡಲು ತೊಡಿಸಿದ ತಂಡದಲ್ಲಿ ವಿಹಾರ ನೌಕೆಗಳ ವಿನ್ಯಾಸಕ್ಕೆ ಹೆಸರಾದ ರಾಡ್ ಸ್ಟೀಫನ್ಸ್ ಇದ್ದರು. ಸೇನೆಗೆ ಮೊದಲು ಇದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್ ಬಳಿ ಕರಾವಳಿ ಕಾವಲು ಪಡೆಯ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಮರಳದಿಬ್ಬಕ್ಕೆ ಹತ್ತಿ ನಿಂತಿತು. ಪ್ರದರ್ಶನಕ್ಕೆಂದು ಅಲ್ಲಿಗೆ ತಂದಿದ್ದ ಈ ಲಾರಿ ಅಬ್ಬರಿಸುವ ಅಲೆಗಳನ್ನು ಸೀಳಿ ಹೋಗಿ ಏಳು ಮಂದಿಯನ್ನು ದಡಕ್ಕೆ ತಂದಿತು. ಆಮೇಲೆ ತಯಾರಾದವು ಸುಮಾರು 21,000. ಸೈನಿಕರು ಇದನ್ನು ‘ಡಕ್’ ಎಂದು ಕರೆದರು. 1943ರಲ್ಲಿ ಸಿಸಿಲಿಯಲ್ಲಿ, ಮರುವರ್ಷ ನಾರ್ಮಂಡಿಯಲ್ಲಿ ಹಡಗಿನಿಂದ ದಡಕ್ಕೆ ಸರಕು ಹೊತ್ತದ್ದು ಇದೇ. ಯುದ್ಧ ಮುಗಿದ ಮರುವರ್ಷವೇ ವಿಸ್ಕಾನ್ಸಿನ್ ಡೆಲ್ಸ್‌ನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸಕ್ಕೆ ಬಂತು.

ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಏರಿಳಿಸಬಲ್ಲ ಏರ್ಪಾಡು ಇದರ ಜಾಣತನಗಳಲ್ಲಿ ನನಗೆ ಬಹಳ ಇಷ್ಟವಾದದ್ದು. ಗಾಳಿ ಇಳಿದ ಟೈರು ಅಗಲವಾಗಿ ಹರಡಿ, ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ, ಮರಳಿನಲ್ಲಿ ಹೂತುಹೋಗುವುದಿಲ್ಲ. ಗಟ್ಟಿ ರಸ್ತೆ ಸಿಕ್ಕ ಮೇಲೆ ಮತ್ತೆ ಗಾಳಿ ತುಂಬಿದರಾಯಿತು. ನೀರಿನಲ್ಲಿ ಮಾತ್ರ ಚಕ್ರಗಳು ಹೊರೆಯೇ. ಅಲ್ಲಿ ಹಿಂಬದಿಯ ಪ್ರೊಪೆಲರ್ ತಳ್ಳುತ್ತದೆ, ಚುಕ್ಕಾಣಿ ತಿರುಗಿಸುತ್ತದೆ. ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ಓಡುವ ವಾಹನ ನೀರಿನಲ್ಲಿ 10 ಕಿಲೋಮೀಟರ್ ದಾಟುವುದೇ ಕಷ್ಟ.

ತೇಲುವುದರ ಲೆಕ್ಕ ಆರ್ಕಿಮಿಡೀಸ್ ಹೇಳಿದ್ದೇ: ಎಷ್ಟು ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟೇ ಬಲ ಮೇಲಕ್ಕೆ ಎತ್ತುತ್ತದೆ. ಡಕ್‌ನ ಉದ್ದ 9.4 ಮೀಟರ್, ಅಗಲ 2.4 ಮೀಟರ್, ಖಾಲಿ ತೂಕ ಸುಮಾರು 6 ಟನ್. ತಲಾ 70 ಕಿಲೋ ತೂಕದ 25 ಮಂದಿ ಹತ್ತಿದರೆ ಅದು ಇನ್ನು 8ರಿಂದ 10 ಸೆಂಟಿಮೀಟರ್ ಮಾತ್ರ ತಗ್ಗುತ್ತದೆ. ಇಷ್ಟು ನೋಡಿದರೆ ಭಯಪಡುವಂಥದ್ದೇನೂ ಕಾಣುವುದಿಲ್ಲ.

ಆದರೆ ಒಡಲು ತೆರೆದದ್ದು. ಬಾವಿಗೆ ಇಳಿಬಿಟ್ಟ ಖಾಲಿ ಕೊಡ ತೇಲುತ್ತಿದ್ದು, ಬಾಯಿ ವಾಲಿದೊಡನೆ ಬುಳುಬುಳು ಸದ್ದು ಮಾಡುತ್ತಾ ಮುಳುಗುವುದಿಲ್ಲವೇ, ಇದೂ ಹಾಗೆಯೇ. ಚಕ್ರಗಳಿಗೂ ಪ್ರೊಪೆಲರಿಗೂ ಶಕ್ತಿ ಒಯ್ಯುವ ದಂಡಗಳು ಒಡಲನ್ನು ತೂರಿ ಹೊರಬರಬೇಕು. ಆ ತೂತುಗಳನ್ನು ಮುಚ್ಚುವುದು ರಬ್ಬರ್ ಕವಚ. ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ಹತ್ತು ಸೆಂಟಿಮೀಟರ್ ಅಗಲದ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 1,200 ಲೀಟರ್, ಅಂದರೆ ಒಂದು ಟನ್ನಿಗೂ ಹೆಚ್ಚು ನೀರು ನುಗ್ಗುತ್ತದೆ. ಹಾಗೆ ಬಂದ ನೀರು ಸುಮ್ಮನಿರುವುದೂ ಇಲ್ಲ, ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ.

1999ರ ಮೇ 1ರಂದು ಅರ್ಕನ್ಸಾದ ಹ್ಯಾಮಿಲ್ಟನ್ ಸರೋವರದಲ್ಲಿ ಆದದ್ದು ಇದೇ. ‘ಮಿಸ್ ಮೆಜೆಸ್ಟಿಕ್’ ಎಂಬ ಡಕ್‌ನ ರಬ್ಬರ್ ಕವಚ ಕಳಚಿ ನೀರು ತುಂಬಿತು. ಒಳಗಿದ್ದ 21 ಮಂದಿಯಲ್ಲಿ 13 ಜನ ಸತ್ತರು. ಬಿಸಿಲಿಗೆಂದು ಕಟ್ಟಿದ್ದ ಚಾವಣಿ, ಈಜಿ ಮೇಲೆ ಬರಬೇಕಾದವರಿಗೆ ಬಲೆಯಾಯಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಆಗಲೇ ಹೇಳಿತು: ನೀರು ತುಂಬಿದರೂ ಮುಳುಗದಂತೆ ಮೀಸಲು ತೇಲುಬಲ ಇರಲಿ, ಅದಿಲ್ಲದಿದ್ದರೆ ಚಾವಣಿ ತೆಗೆಯಿರಿ. ಅದು ಸಲಹೆಯಾಗಿಯೇ ಉಳಿಯಿತು. 2018ರ ಜುಲೈ 19ರಂದು ಮಿಸೌರಿಯ ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಯ ಅಲೆಗಳು ಇನ್ನೊಂದು ಡಕ್‌ನ ಮೂತಿಯಲ್ಲಿದ್ದ ಗಾಳಿಕಿಂಡಿಯಿಂದ ಒಳನುಗ್ಗಿದವು. 31 ಮಂದಿಯಲ್ಲಿ 17 ಜನ ಸತ್ತರು. ಆಗಲೂ ಮೇಲೆ ಚಾವಣಿಯಿತ್ತು. ತಿಳಿದಿದ್ದ ಕಾರಣಕ್ಕೆ ಮತ್ತೆ ಜೀವಗಳು ಹೋದವು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ನೀರು ತುಂಬಿದರೂ ಇವು ನೆಟ್ಟಗೆ ತೇಲುತ್ತಲೇ ಇರಬೇಕೆಂಬುದು ಕಾನೂನಾದದ್ದು 2022ರ ಡಿಸೆಂಬರ್‌ನಲ್ಲಿ.

ತಾಂತ್ರಿಕವಾಗಿ ಅದು ಅಸಾಧ್ಯವೇನೂ ಅಲ್ಲ. ನೀರು ಹೀರದ ಹಗುರ ಫೋಮ್ ಒಂದು ಘನಮೀಟರ್ ಇದ್ದರೆ ಹೆಚ್ಚುಕಡಿಮೆ ಒಂದು ಟನ್ ಎತ್ತಿಹಿಡಿಯುತ್ತದೆ. ಮುಳುಗಿದ ಉಕ್ಕು ತನ್ನ ತೂಕದ ಎಂಟನೇ ಒಂದರಷ್ಟನ್ನು ಕಳೆದುಕೊಳ್ಳುವುದರಿಂದ, ಡಕ್‌ಗೆ ಐದಾರು ಘನಮೀಟರ್ ಸಾಕು. ನೀರಿನಲ್ಲಿ ಮುಳುಗಿದ ಮನುಷ್ಯರ ದೇಹ ಬಹುತೇಕ ತನ್ನನ್ನು ತಾನೇ ಹೊತ್ತುಕೊಳ್ಳುತ್ತದೆ. ಆದರೆ ಅಷ್ಟೂ ಫೋಮನ್ನು ನೆಲದಡಿ ತುರುಕಿದರೆ ವಾಹನ ಬುಡಮೇಲಾಗುತ್ತದೆ. ಎತ್ತುವ ಬಲದ ಕೇಂದ್ರ ಭಾರದ ಕೇಂದ್ರಕ್ಕಿಂತ ಮೇಲಿರಬೇಕು. ಹಾಗಾಗಿ ಫೋಮಿಗೆ ಸರಿಯಾದ ಜಾಗ ಎರಡು ಪಕ್ಕಗಳ ಮೇಲ್ಭಾಗ, ಅಂದರೆ ಪ್ರಯಾಣಿಕರು ಮೊಣಕೈ ಊರಿ ನದಿ ನೋಡುವ ಜಾಗ. ಅದಕ್ಕಾಗಿ ಕೆಲವು ಸೀಟುಗಳನ್ನು ಬಿಟ್ಟುಕೊಡಬೇಕಾಗಬಹುದು.