ಮಾವಿನ ಸಸಿಗಳ ನಡುವೆ ತರಕಾರಿ ಬೆಳೆದರೆ ಗಿಡ ಸೊರಗುತ್ತಾ?

ಪ್ರಶ್ನೆ: ಹುಮನಾಬಾದ್ ಕಡೆ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಹೊಲ ಅದರೀ. ಹೋದ ಮಳೆಗಾಲದಾಗ ಕೇಸರ್ ಮಾವು ಹಚ್ಚೀವಿ. ಬೋರಿನಾಗ ಅಷ್ಟಿಷ್ಟು ನೀರು ಅದ. ಫಲ ಬರೋತನಕ ನಡುವೆ ತರಕಾರಿ ಮಾಡಬೇಕಂತೀವಿ. ಗಿಡ ಸೊರಗ್ತಾವ, ಬ್ಯಾಡ ಅಂತಾರ ಹಿರಿಯರು. ಏನ್ ಮಾಡೋಣ?

ಉತ್ತರ: ಧಾರಾಳವಾಗಿ ಮಾಡಿ. ಹಿರಿಯರ ಮಾತೂ ಸುಳ್ಳಲ್ಲ, ಸೊರಗಿದ ಗಿಡಗಳನ್ನು ಅವರು ನೋಡಿರುತ್ತಾರೆ. ಆದರೆ ಹೆಚ್ಚಿನ ಕಡೆ ಗಿಡ ಕೆಡುವುದು ತರಕಾರಿಯಿಂದಲ್ಲ, ತರಕಾರಿಗೆ ಬಿಟ್ಟ ನೀರಿನಿಂದ.

ಜಾಗದ ಚಿಂತೆ ಬೇಡ. 33 ಅಡಿಗೊಂದು ಮಾವು ಅಂದರೆ ಎಕರೆಗೆ 40 ಗಿಡ, ಗಿಡಕ್ಕೊಂದು ಗುಂಟೆ. ಸಸಿಯ ಸುತ್ತ ಮೂರು ಅಡಿ ಬಿಟ್ಟರೂ 40 ಗಿಡಕ್ಕೂ ಸೇರಿ ಹೋಗುವುದು ಸುಮಾರು ಒಂದೇ ಗುಂಟೆ. ಮೂರನೇ ವರ್ಷ ಐದು ಅಡಿ ಬಿಟ್ಟರೆ ಮೂರು ಗುಂಟೆ. ಉಳಿದ ನೆಲದಲ್ಲಿ ಸುಮ್ನೆ ಕಸ ಬೆಳೆಯುತ್ತದೆ, ಅಲ್ವಾ? ಗಿಡಗಳನ್ನು 16 ಅಡಿಗೇ ದಟ್ಟವಾಗಿ ಹಚ್ಚಿದ್ದರೆ ಮಾತ್ರ ಎರಡು ವರ್ಷಕ್ಕೆ ತರಕಾರಿ ಮುಗಿಸಿ.

ಈಗ ನೀರಿಗೆ ಬರೋಣ. ಮೆಂತ್ಯೆ, ಕೊತ್ತಂಬರಿ, ಉಳ್ಳಾಗಡ್ಡಿಯ ಬೇರು ಮೇಲೆಯೇ ಇರುತ್ತದೆ. ಅವಕ್ಕೆ ಸ್ವಲ್ಪ ಸ್ವಲ್ಪ ನೀರು ಮೇಲಿಂದ ಮೇಲೆ ಬೇಕು. ಮಾವಿಗೆ ಹಾಗಲ್ಲ. ಆಳಕ್ಕೆ ಇಳಿಯುವಷ್ಟು ಕೊಟ್ಟು, ಆಮೇಲೆ ಮಣ್ಣು ಆರಲು ಬಿಡಬೇಕು. ಆಗಲೇ ಬೇರು ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ. ಹಾಗಾಗಿ ಡ್ರಿಪ್ ಇದ್ದರೆ ಮಾವಿಗೆ ಬೇರೆ ಪೈಪು, ತರಕಾರಿಗೆ ಬೇರೆ ಪೈಪು, ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲಿ. ಕಾಲುವೆಯಲ್ಲಿ ನೀರು ಹಾಯಿಸುವವರು ಮಡಿಯ ನೀರು ಸಸಿಯ ಬುಡಕ್ಕೆ ನುಗ್ಗದಂತೆ ಒಡ್ಡು ಕಟ್ಟಿಕೊಳ್ಳಿ. ಜೇವರ್ಗಿ, ಶಹಾಪುರದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಅಲ್ಲಿ ನೀರು ಬೇಗ ಬಸಿಯುವುದಿಲ್ಲ, ಬೇರು ಕೊಳೆಯುತ್ತದೆ.

ನಾಲ್ಕನೇ ವರ್ಷದ ಹೊತ್ತಿಗೆ ಇನ್ನೊಂದು ತೊಡಕು ಬರುತ್ತದೆ. ಹೂ ಬಿಡುವ ಮುಂಚೆ ಮಾವಿಗೆ ಎರಡು ಮೂರು ತಿಂಗಳು ನೀರು ಕಡಿಮೆ ಇರಬೇಕು, ಜೊತೆಗೆ ಚಳಿಯೂ ಬೀಳಬೇಕು. ನೀವು ಅದೇ ಹೊತ್ತಿಗೆ ಹಿಂಗಾರಿನ ತರಕಾರಿಗೆ ನೀರು ಬಿಡುತ್ತಾ ಹೋದರೆ ಹೂವಿನ ಬದಲು ಎಲೆ ಚಿಗುರುತ್ತದೆ. 'ಗಿಡ ದಷ್ಟಪುಷ್ಟ ಅದ, ಕಾಯಿ ಮಾತ್ರ ಇಲ್ಲ' ಅನ್ನುವವರು ಇದನ್ನು ಮೊದಲು ನೋಡಬೇಕು. ಆ ವರ್ಷದಿಂದ ಮುಂಗಾರಿನಲ್ಲಿ ಮಾತ್ರ ತರಕಾರಿ ಮಾಡಿ.

ಬೆಳೆಗಳಲ್ಲಿ ನನ್ನ ಮೊದಲ ಆಯ್ಕೆ ಚವಳಿಕಾಯಿ (ಗೋರಿಕಾಯಿ) ಮತ್ತು ಅಲಸಂದಿ. ಇವು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುತ್ತವೆ. ಕಾಯಿ ಕಿತ್ತ ಮೇಲೆ ಬಳ್ಳಿ, ಸೊಪ್ಪು ಅಲ್ಲೇ ಮಣ್ಣಿಗೆ ಸೇರಿಸಿ. ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿಗೂ ಅಡ್ಡಿಯಿಲ್ಲ. ಹೀರೆ, ಹಾಗಲ ಬೇಡ, ಬಳ್ಳಿ ಸಸಿಯನ್ನೇ ಹತ್ತುತ್ತದೆ. ಮೆಣಸಿನಕಾಯಿ ಹಾಕಿದರೆ ಅದರ ರಸ ಹೀರುವ ಸಣ್ಣ ಹುಳು ಥ್ರಿಪ್ಸ್ ಮಾವಿನ ಚಿಗುರಿಗೂ ಬರುತ್ತದೆ, ಕಣ್ಣಿಟ್ಟಿರಿ. ನಮ್ಮ ಕಡೆ ಎಲ್ಲರ ಕೈ ಮೊದಲು ತೊಗರಿ ಬೀಜಕ್ಕೇ ಹೋಗುತ್ತದೆ. ಆದರೆ ಅದು ಆಳೆತ್ತರ ಬೆಳೆದು ಎಳೆ ಸಸಿಗೆ ನೆರಳು ಮಾಡುತ್ತದೆ, ಬೇರೂ ಆಳಕ್ಕೆ ಹೋಗುತ್ತದೆ. ನೀರಿಲ್ಲದವರಿಗೆ ಮುಂಗಾರಿನ ಹೆಸರುಕಾಳೇ ವಾಸಿ, ಎರಡೂವರೆ ತಿಂಗಳಲ್ಲಿ ಹೊಲ ಖಾಲಿ.

ತರಕಾರಿಗೆ ತಿಪ್ಪೆಗೊಬ್ಬರ ಬೇರೆ ಹಾಕಿ, ಮಾವಿನ ಪಾಲನ್ನು ಹಂಚಬೇಡಿ. ಸಸಿಯ ಹತ್ತಿರ ರೋಟವೇಟರ್ ತಿರುಗಿಸಬೇಡಿ, ಬೇರು ಕತ್ತರಿಸುತ್ತದೆ. ಅಲ್ಲಿ ಕುರ್ಪಿಯೇ ಸಾಕು.

ಮಾವಿನ ಬದಲು ಪೇರಲ ಅಥವಾ ದಾಳಿಂಬೆ ಹಚ್ಚಿದವರಿಗೆ ಒಂದು ಮಾತು ಬೇರೆ ಇದೆ. ಅವರು ನಡುವೆ ಟೊಮೆಟೊ, ಬದನಿಕಾಯಿ, ಬೆಂಡಿ ಹಾಕಬಾರದು. ಬೇರಿಗೆ ಗಂಟು ಕಟ್ಟುವ ಜಂತುಹುಳು ಈ ಮೂರರಲ್ಲೂ ಹೆಚ್ಚುತ್ತದೆ, ಅಲ್ಲಿಂದ ಪೇರಲ, ದಾಳಿಂಬೆಗೆ ದಾಟುತ್ತದೆ. ಅದರ ಬದಲು ಚೆಂಡುಹೂವು ಹಾಕಲಿ. ಆ ಹುಳು ಕಡಿಮೆಯಾಗುತ್ತದೆ, ದಸರಾ ದೀಪಾವಳಿಗೆ ಹೂವೂ ಮಾರಾಟವಾಗುತ್ತದೆ.