ಯಾರ ಭಾರತವನ್ನು ಉಳಿಸಿತು ತಂತಿ?

ದೆಹಲಿಯ ಕಾಶ್ಮೀರಿ ಗೇಟಿನ ಬಳಿ ತಂತಿ (ಟೆಲಿಗ್ರಾಫ್) ಇಲಾಖೆಯವರು 1902ರಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ‘ವಿದ್ಯುತ್ ತಂತಿ ಭಾರತವನ್ನು ಉಳಿಸಿತು’ ಎಂಬ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಯಾರ ಭಾರತವನ್ನು ಎಂದು ಮಾತ್ರ ಕೆತ್ತಿಲ್ಲ.

ಈ ದೇಶದಲ್ಲಿ ತಂತಿ ಮಾರ್ಗ ಎಳೆಸಿದವನು ವೃತ್ತಿಯಿಂದ ವೈದ್ಯನಾಗಿದ್ದ ವಿಲಿಯಂ ಓಶಾಘ್ನೆಸಿ. 1851ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ಮೊದಲ ಮಾರ್ಗ ಸಿದ್ಧವಾದಾಗ ಬಂಗಾಳದ ಶಿವಚಂದ್ರ ನಂದಿ ಅವನ ಬಲಗೈಯಾಗಿದ್ದ. 1855ರ ಹೊತ್ತಿಗೆ ಆಗ್ರಾ, ಬೊಂಬಾಯಿ, ಮದ್ರಾಸುಗಳೂ ಬೆಸೆದುಕೊಂಡವು.

1857ರ ಮೇ 10 ಭಾನುವಾರ, ಸಿಪಾಯಿ ದಂಗೆ ಸಿಡಿದ ದಿನ. ಕಾಡತೂಸು ಮುಟ್ಟಲೊಪ್ಪದ 85 ಸವಾರರಿಗೆ ಶಿಕ್ಷೆಯಾದದ್ದರಿಂದ ಮೀರತ್ ಕುದಿಯುತ್ತಿದೆ ಎಂಬ ಸುದ್ದಿ ಬೆಳಿಗ್ಗೆ ದೆಹಲಿ ಕಚೇರಿಗೆ ತಲುಪಿತು. ಆಮೇಲೆ ರಜಾ ದಿನದ ಪದ್ಧತಿಯಂತೆ ಕಚೇರಿ ಮುಚ್ಚಿತು. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದರೆ ಮೀರತ್ ಕಡೆಯಿಂದ ಉತ್ತರವೇ ಇಲ್ಲ. ಮರುದಿನ ಬೆಳಿಗ್ಗೆ ಮಾರ್ಗ ನೋಡಲು ಹೊರಟ ಮುಖ್ಯಸ್ಥ ಚಾರ್ಲ್ಸ್ ಟಾಡ್ ಹಿಂದಿರುಗಲಿಲ್ಲ. ಉಳಿದವರು ಬ್ರೆಂಡಿಶ್ ಮತ್ತು ಪಿಲ್ಕಿಂಗ್ಟನ್ ಎಂಬ ಇಬ್ಬರು ಎಳೆಯ ನೌಕರರು. ಬಂಗಲೆಗಳು ಉರಿಯುತ್ತಿವೆ, ಟಾಡ್ ಸತ್ತಿರಬೇಕು, ನಾವು ಹೊರಟೆವು ಎಂದು ಅವರು ಅಂಬಾಲಕ್ಕೆ ಕಳಿಸಿದ ಸುದ್ದಿ ಅಲ್ಲಿಂದ ಲಾಹೋರಿಗೆ ಹೋಯಿತು. ಮೇ 13ರಂದು ಲಾಹೋರಿನ ಮಿಯಾನ್ ಮೀರ್ ದಂಡಿನಲ್ಲಿ ಸಿಪಾಯಿಗಳ ಆಯುಧಗಳನ್ನು ಕಸಿದುಕೊಳ್ಳಲಾಯಿತು.

ತಂತಿ ಕಾಯ್ದುಕೊಟ್ಟದ್ದು ಪಂಜಾಬಿನ ಮೇಲಿನ ಕಂಪನಿಯ ಹಿಡಿತವನ್ನು. ದೆಹಲಿಯನ್ನು ಅದು ಉಳಿಸಲಿಲ್ಲ. ಒಂದು ಮಾರ್ಗ ಮೌನವಾಗಿದ್ದರೂ ನಗರ ಎಚ್ಚೆತ್ತುಕೊಳ್ಳಲಿಲ್ಲ. ದಂಗೆಯೆದ್ದವರಿಗೆ ತಂತಿಯ ಬೆಲೆ ಚೆನ್ನಾಗಿಯೇ ತಿಳಿದಿತ್ತು. ಕಂಡಕಂಡಲ್ಲಿ ಅದನ್ನು ಕಡಿದುಹಾಕಿದರು.

ಐವತ್ತು ವರ್ಷಗಳ ನಂತರ ಆ ಬೆಲೆಯನ್ನು ಸರ್ಕಾರಕ್ಕೆ ತೋರಿಸಿದವರು ಸ್ವತಃ ತಂತಿ ನೌಕರರು. ಕೆಲಸದ ವೇಳೆಯನ್ನು ಸಂದೇಶಗಳ ದಟ್ಟಣೆಗೆ ತಕ್ಕಂತೆ ಒಡೆದು ಹಂಚುವ ಹೊಸ ಕ್ರಮವನ್ನು ವಿರೋಧಿಸಿ 1908ರಲ್ಲಿ ಅವರು ಮುಷ್ಕರ ಹೂಡಿದರು. ಭಾರತ ಮತ್ತು ಬರ್ಮಾದ ದೊಡ್ಡ ಕಚೇರಿಗಳೆಲ್ಲ ಅದಕ್ಕೆ ಸಿಕ್ಕಿಕೊಂಡವು. ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು, ಭಾರತೀಯರು, ಬರ್ಮೀಯರು ಒಟ್ಟಿಗೆ ನಿಂತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಊರಿಂದೂರಿಗೆ ಮಾತು ಕೂಡಿಸಿಕೊಳ್ಳಲು ಅವರು ಬಳಸಿದ್ದು ಸರ್ಕಾರದ ತಂತಿಯನ್ನೇ. ಈ ಸಲ ಯಾರೂ ಅದನ್ನು ಕಡಿಯಬೇಕಾಗಿರಲಿಲ್ಲ. ನೌಕರರು ತಂತಿ ಯಂತ್ರದ ಕೀಲಿಯಿಂದ ಕೈ ತೆಗೆದದ್ದೇ ವ್ಯಾಪಾರಿಗಳು ಸರ್ಕಾರದ ಬಾಗಿಲು ಬಡಿಯಲು ಸಾಕಾಯಿತು.