ಎಕ್ಸ್‌ಪ್ರೆಸ್ ಅಂದರೆ ವೇಗ ಅಂತ ಯಾರು ಹೇಳಿದ್ದು?

ಪ್ರಶ್ನೆ: ‘ಸರ್, ಹಂಪಿ ಎಕ್ಸ್‌ಪ್ರೆಸ್‌ನ ಎಕ್ಸ್‌ಪ್ರೆಸ್ ಬೇರೆ, ಮುಖದ ಎಕ್ಸ್‌ಪ್ರೆಷನ್ ಬೇರೆ ಅಲ್ವಾ? ಒಂದು ವೇಗ, ಇನ್ನೊಂದು ಭಾವ.’ (ಸಿಂಧನೂರಿನ ಓದುಗರೊಬ್ಬರು)

ಬೇರೆ ಅಲ್ಲ, ಎರಡೂ ಒಂದೇ ಪದ. ಪ್ರಶ್ನೆ ರಾಯಚೂರಿಂದ ಬರಲಿ, ಕೊಪ್ಪಳದಿಂದ ಬರಲಿ, ಹಿಂದಿರುವ ನಂಬಿಕೆ ಒಂದೇ: ಎಕ್ಸ್‌ಪ್ರೆಸ್ ಅಂದರೆ ಫಾಸ್ಟ್. ಎಷ್ಟು ಸಲ ಹೇಳಿದರೂ ಇದು ತಲೆಯಿಂದ ಇಳಿಯುವುದೇ ಇಲ್ಲ.

ಮೂಲ ಲ್ಯಾಟಿನ್. ‘ಎಕ್ಸ್’ ಅಂದರೆ ಹೊರಗೆ, ‘ಪ್ರೆಮೆರೆ’ ಅಂದರೆ ಒತ್ತು. ಗಾಣದಲ್ಲಿ ಶೇಂಗಾ ಎಣ್ಣೆ ತೆಗೀತಾರಲ್ಲ, ಹಾಗೆ ಒತ್ತಿ ಹೊರತೆಗೆಯುವುದು. ಹೆರಿಗೆ ವಾರ್ಡಿನಲ್ಲಿ ನರ್ಸ್ ‘ಹಾಲು ಎಕ್ಸ್‌ಪ್ರೆಸ್ ಮಾಡಮ್ಮ’ ಅಂದರೆ ಅವಸರ ಮಾಡು ಅಂತಲ್ಲ, ಹಿಂಡಿ ಕೊಡು ಅಂತ. ಒಳಗಿನ ಸಿಟ್ಟು, ನಗು, ಮಾತು ಹೊರಗೆ ಬಂದರೂ ಅದೇ ಪದ.

ಹಾಗಾದರೆ ರೈಲು? ಒಳಗಿದ್ದದ್ದು ಹೊರಬಂದರೆ ಸ್ಪಷ್ಟವಾಗುತ್ತದೆ. ಹಾಗಾಗಿ ‘ಬಾಯಿಬಿಟ್ಟು ಹೇಳಿದ್ದು’ ಎಂಬ ಅರ್ಥ ಬಂತು. 1872ರ ಭಾರತೀಯ ಕರಾರು ಕಾಯ್ದೆಯ 9ನೇ ಸೆಕ್ಷನ್ ತೆಗೆದು ನೋಡಿ. ಶಬ್ದಗಳಲ್ಲಿ ಹೇಳಿ ಕೊಟ್ಟ ಮಾತು ‘ಎಕ್ಸ್‌ಪ್ರೆಸ್’. ಅಲ್ಲಿ ವೇಗ ಎಲ್ಲಿದೆ ಹೇಳಿ? ಮುಂದೆ ಅದು ‘ಇದೇ ಕೆಲಸಕ್ಕಾಗಿ’ ಅಂತಾಯಿತು. ಒಂದು ಕಾಗದ ಮುಟ್ಟಿಸಲೆಂದೇ ಓಡಿಸಿದ ಹರಿಕಾರ ಎಕ್ಸ್‌ಪ್ರೆಸ್ ಆದ. 1840ರ ದಶಕದ ಇಂಗ್ಲೆಂಡಿನಲ್ಲಿ ವಿಶೇಷವಾಗಿ ಬಿಟ್ಟ ರೈಲಿಗೂ ಅದೇ ಹೆಸರು. ನಡುವೆ ಬೇರೆ ಕೆಲಸ ಇಲ್ಲದವನು ಬೇಗ ಮುಟ್ಟುತ್ತಾನೆ. ವೇಗ ಅಂಟಿಕೊಂಡಿದ್ದು ಆಮೇಲೆ.

ಇನ್ನೂ ನಂಬಿಕೆ ಬರಲಿಲ್ಲವೇ? ಸರಾಸರಿ ಗಂಟೆಗೆ 55 ಕಿ.ಮೀ. ದಾಟುವ ಬ್ರಾಡ್‌ಗೇಜ್ ಗಾಡಿಗೆ ನಮ್ಮ ರೈಲ್ವೆ ‘ಸೂಪರ್‌ಫಾಸ್ಟ್’ ಅಂತ ಬೇರೆಯೇ ಹೆಸರಿಡಬೇಕಾಯಿತು. ರಾಯಚೂರಿನ ಮೇಲೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಆ ಪಟ್ಟಿಯಲ್ಲಿದೆ. ಬಳ್ಳಾರಿ ಮೇಲೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಇಲ್ಲ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮದುವೆಮನೆಯ ‘ಎಕ್ಸ್‌ಪ್ರೆಸ್ಸೋ’ ಕಾಫಿಯ ಹೆಸರು ಇಟಲಿಯದು, ಸರಿಯಾಗಿ ಅಂದರೆ ಎಸ್ಪ್ರೆಸ್ಸೋ. ಬೇರು ಅದೇ ಲ್ಯಾಟಿನ್. 1901ರಲ್ಲಿ ಮಿಲಾನಿನ ಲುಯಿಜಿ ಬೆಜೇರಾ ಪೇಟೆಂಟ್ ಅರ್ಜಿ ಹಾಕಿದ ಯಂತ್ರ, ಉಗಿಯ ಒತ್ತಡದಿಂದ ಬಿಸಿನೀರನ್ನು ಕಾಫಿಪುಡಿಯೊಳಗೆ ನುಗ್ಗಿಸುತ್ತಿತ್ತು. ನಮ್ಮ ಮದುವೆಗಳ ಯಂತ್ರ ಹಾಲಿಗೆ ಉಗಿ ಬಿಟ್ಟು ನೊರೆ ಎಬ್ಬಿಸುತ್ತದೆ, ಅಷ್ಟೇ. ಪುಡಿಯ ತಂಟೆಗೇ ಹೋಗುವುದಿಲ್ಲ. ಕುಡಿಯೋಕೆ ಚೆನ್ನಾಗಿರುತ್ತೆ, ಅದು ಬೇರೆ ಮಾತು.